ಗೆರೆ ಎಳೆದರೆ ಸಾಲದು, ತಿದ್ದಲು ಬರಬೇಕು

‘ಕ್ಯಾಡ್ ಬರುತ್ತಾ?’

ಕ್ಯಾಂಪಸ್ ಸಂದರ್ಶನಕ್ಕೆ ಹೋಗುವ ಮೆಕ್ಯಾನಿಕಲ್, ಸಿವಿಲ್ ವಿದ್ಯಾರ್ಥಿಗಳಿಗೆ ಆಗಾಗ ಎದುರಾಗುವ ಪ್ರಶ್ನೆ ಇದು. ನಮ್ಮೆಲ್ಲರ ಉತ್ತರವೂ ಒಂದೇ: ‘ಬರುತ್ತೆ ಸರ್’. ಬಯೋಡೇಟಾದಲ್ಲಿ ಅದಕ್ಕೊಂದು ಸಾಲು ಇರುತ್ತದೆ. ಫೈಲಿನಲ್ಲಿ ಸರ್ಟಿಫಿಕೇಟೂ ಇರುತ್ತದೆ. ಆಮೇಲೆ ಅವರು ಮುದ್ರಿಸಿದ ಒಂದು ಡ್ರಾಯಿಂಗ್ ಕೈಗಿಟ್ಟು, ‘ಒಂದು ತಾಸಿನಲ್ಲಿ ಇದನ್ನು ಬರೆದು ತೋರಿಸಿ’ ಎನ್ನುತ್ತಾರೆ. ನಿಜವಾದ ಸಂದರ್ಶನ ಶುರುವಾಗುವುದು ಅಲ್ಲಿಂದ.

ಇಂಥ ಒಂದು ಪರೀಕ್ಷೆಯ ಬಗ್ಗೆ ನಮ್ಮ ಸೀನಿಯರ್‌ಗಳು ಹೇಳಿದ್ದು ನೆನಪಿದೆ. ಡ್ರಾಯಿಂಗ್‌ನಲ್ಲಿ ಆರು ರಂಧ್ರಗಳ ಒಂದು ಫ್ಲ್ಯಾಂಜ್, ಅದರ ಕೆಳಗೊಂದು ತಳದ ಪ್ಲೇಟ್ ಇತ್ತಂತೆ. ಎಲ್ಲರೂ ಬರೆದರು. ನಲವತ್ತು ನಿಮಿಷ ಆಗುವಷ್ಟರಲ್ಲಿ ಪರೀಕ್ಷಕರು ಬಂದು, ‘ಈಗ ಆರು ರಂಧ್ರದ ಬದಲು ಎಂಟು ಮಾಡಿ, ತಳದ ಪ್ಲೇಟನ್ನು 20 ಮಿ.ಮೀ. ಉದ್ದ ಮಾಡಿ’ ಎಂದರು. ಕೆಲವರು ಐದು ನಿಮಿಷದಲ್ಲಿ ಮುಗಿಸಿ ಎದ್ದರು. ಉಳಿದವರು ಬರೆದದ್ದನ್ನು ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಎರಡೂ ಗುಂಪಿಗೆ ಗೆರೆ ಎಳೆಯಲು, ವೃತ್ತ ಬರೆಯಲು ಬರುತ್ತಿತ್ತು. ಬರೆದದ್ದನ್ನು ತಿದ್ದುವುದು ಮಾತ್ರ ಒಂದೇ ಗುಂಪಿಗೆ ಗೊತ್ತಿತ್ತು.

ಕ್ಯಾಡ್ ತಂತ್ರಾಂಶ ತೆರೆದರೆ ಡ್ರಾ ಎಂಬ ಒಂದು ವಿಭಾಗ ಕಾಣುತ್ತದೆ. ಅದರಲ್ಲಿ ಗೆರೆ, ವೃತ್ತ, ಕಂಸ, ಆಯತ ಇರುತ್ತವೆ. ಒಂದು ಮಧ್ಯಾಹ್ನ ಕೂತರೆ ಇವನ್ನು ಕಲಿಯಬಹುದು. ಅದರ ಪಕ್ಕದಲ್ಲೇ ಮಾಡಿಫೈ ಎಂಬ ವಿಭಾಗ ಇರುತ್ತದೆ. ಟ್ರಿಮ್, ಎಕ್ಸ್‌ಟೆಂಡ್, ಆಫ್‌ಸೆಟ್, ಫಿಲೆಟ್, ಮಿರರ್, ಅರೇ, ಸ್ಟ್ರೆಚ್ ಎಲ್ಲ ಇಲ್ಲಿವೆ. ಇವುಗಳ ಹೆಸರು ಎಲ್ಲರಿಗೂ ಬಾಯಿಪಾಠ. ಯಾವುದನ್ನು ಯಾವಾಗ, ಯಾಕೆ ಬಳಸಬೇಕು ಎಂದು ತಿಳಿದವರು ಕಡಿಮೆ. ಕೆಲಸ ಸಿಗುವುದು ಈ ‘ಯಾವಾಗ’ ಗೊತ್ತಿದ್ದವರಿಗೆ ಎಂಬುದೇ ಈ ಬರಹದ ಸಾರ.

ಬ್ಲೇಡ್ ಹಿಡಿದು ಕೆರೆಯುತ್ತಿದ್ದ ಕಾಲ

ಕಂಪ್ಯೂಟರ್ ಬರುವ ಮೊದಲು ಡ್ರಾಫ್ಟ್ಸ್‌ಮನ್‌ಗಳು ಟ್ರೇಸಿಂಗ್ ಹಾಳೆಯ ಮೇಲೆ ಮಸಿಯಿಂದ ಬರೆಯುತ್ತಿದ್ದರು. ಒಂದು ಅಳತೆ ಬದಲಾದರೆ ಬ್ಲೇಡಿನಿಂದ ಮಸಿ ಕೆರೆದು ತೆಗೆದು, ಆ ಜಾಗ ನುಣುಪು ಮಾಡಿ ಮತ್ತೆ ಬರೆಯಬೇಕಿತ್ತು. ಬದಲಾವಣೆ ದೊಡ್ಡದಾಗಿದ್ದರೆ ಹೊಸ ಹಾಳೆಯೇ ಗತಿ.

1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್‌ಲ್ಯಾಂಡ್ ತಮ್ಮ ಪಿಎಚ್‌ಡಿಗಾಗಿ ‘ಸ್ಕೆಚ್‌ಪ್ಯಾಡ್’ ಎಂಬ ಪ್ರೋಗ್ರಾಂ ಬರೆದರು. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆಯಬಹುದಿತ್ತು. ಜನ ಬೆರಗಾದದ್ದು ಅದಕ್ಕೆ. ಆದರೆ ಅದರಲ್ಲಿ ಇನ್ನೂ ದೊಡ್ಡ ಸಂಗತಿಯೊಂದಿತ್ತು. ಒಂದು ಮೂಲ ಆಕೃತಿ ಬರೆದು ಅದರ ಪ್ರತಿಗಳನ್ನು ಬೇಕಾದಷ್ಟು ಕಡೆ ಇಡಬಹುದಿತ್ತು. ಮೂಲವನ್ನು ತಿದ್ದಿದರೆ ಪ್ರತಿಗಳೆಲ್ಲ ತಾವೇ ಬದಲಾಗುತ್ತಿದ್ದವು. ಅಂದರೆ ಕ್ಯಾಡ್ ಹುಟ್ಟಿದಾಗಲೇ ತಿದ್ದುವ ಗುಣ ಅದರ ಜೊತೆಗೆ ಹುಟ್ಟಿತ್ತು. 1982ರಲ್ಲಿ ಆಟೋಕ್ಯಾಡ್ ಬಂದ ಮೇಲೆ ಇದು ಸಾಮಾನ್ಯ ಕಂಪ್ಯೂಟರಿಗೂ ಇಳಿಯಿತು. ಈಗ ನಮ್ಮ ವಿಟಿಯುನಲ್ಲಿ ಕಂಪ್ಯೂಟರ್ ನೆರವಿನ ಎಂಜಿನಿಯರಿಂಗ್ ಡ್ರಾಯಿಂಗ್ ಮೊದಲ ವರ್ಷದ ಪಾಠ. ಐಟಿಐನಲ್ಲಿ ಎರಡು ವರ್ಷದ ಡ್ರಾಫ್ಟ್ಸ್‌ಮನ್ ಟ್ರೇಡ್ ಓದುವವರಿಗಂತೂ ಇದೇ ಅನ್ನ.

ಇಷ್ಟಾದರೂ ನಮ್ಮಲ್ಲಿ ಅನೇಕರು ಕಂಪ್ಯೂಟರಿನ ಮುಂದೆ ಕೂತು ಕೈಯಲ್ಲಿ ಬರೆದ ಹಾಗೆಯೇ ಬರೆಯುತ್ತೇವೆ. ಎಡಗಡೆಯ ಮೊದಲ ಗೆರೆಯಿಂದ ಶುರು ಮಾಡಿ ಬಲಗಡೆಯ ಕೊನೆಯ ಗೆರೆಯವರೆಗೆ, ಒಂದಾದ ಮೇಲೊಂದು. ಇದು ಟ್ರ್ಯಾಕ್ಟರ್ ಇಟ್ಟುಕೊಂಡು ಸಲಿಕೆಯಿಂದ ಹೊಲ ಅಗೆದ ಹಾಗೆ.

ತಿರುಗಿಸುವುದು ಬೇರೆ, ಮಗುಚುವುದು ಬೇರೆ

ನಮ್ಮ ಮುಗಳಖೋಡ ರಾಯಬಾಗ ತಾಲ್ಲೂಕಿನ ಕಬ್ಬಿನ ಊರು. ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಇಲ್ಲಿಯ ವೆಲ್ಡಿಂಗ್ ಅಂಗಡಿಗಳ ಮುಂದೆ ಟ್ರ್ಯಾಕ್ಟರ್ ಟ್ರೇಲರ್‌ಗಳು ಸಾಲು ಹಚ್ಚುತ್ತವೆ. ರಜೆಯಲ್ಲಿ ನಾನು ಅಂಥದೊಂದು ಅಂಗಡಿಯಲ್ಲಿ ಕೂತು ಕೆಲಸ ನೋಡುತ್ತಿದ್ದೆ. ಟ್ರೇಲರಿನ ಎಡ ಬಲ ಎರಡೂ ಬದಿಗೆ ಬೇಕಾಗುವ ಬ್ರ್ಯಾಕೆಟ್ ಮಾಡುವುದಿತ್ತು. ಅಂಗಡಿಯ ಕಾಕಾ ಅಳತೆ ಹಿಡಿದು ಒಂದೇ ತಗಡು ಕತ್ತರಿಸಿದರು. ಅದನ್ನೇ ಇನ್ನೊಂದು ತಗಡಿನ ಮೇಲೆ ಮಗುಚಿ ಹಾಕಿ ಸುತ್ತ ಗೆರೆ ಹೊಡೆದರು.

‘ಕಾಕಾ, ಬಲಗಡೇದಕ್ಕ ಬ್ಯಾರೆ ಅಳತಿ ತಗೊಳ್ಳಂಗಿಲ್ಲೇನ್ರಿ?’ ಎಂದು ಕೇಳಿದೆ.

‘ಯಾಕ ತಗೋಬೇಕ ಯವ್ವಾ? ಎರಡ ಸಲ ಅಳದ್ರ ಎರಡ ಸಲ ತಪ್ಪತೈತಿ. ಒಂದ ಮಗ್ಗಲ ಚೊಲೋ ಮಾಡು, ಇನ್ನೊಂದ ಮಗ್ಗಲ ತಾನ ಬರತೈತಿ’ ಎಂದರು.

ಮಿರರ್ ಕಮಾಂಡಿನ ಬಗ್ಗೆ ಇದಕ್ಕಿಂತ ಚಂದದ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಸಮ ಭಾಗ ಇರುವ ವಸ್ತುವಿನ ಅರ್ಧವನ್ನು ಮಾತ್ರ ಪೂರ್ತಿ ಬರೆಯಿರಿ. ಮೂಲೆಗಳು, ರಂಧ್ರಗಳು ಎಲ್ಲ ಆ ಅರ್ಧದಲ್ಲೇ ಮುಗಿಯಲಿ. ಆಮೇಲೆ ನಡುಗೆರೆ ತೋರಿಸಿ ಮಿರರ್ ಮಾಡಿ. ನಾಲ್ಕೂ ಕಡೆ ಸಮ ಇದ್ದರೆ ಕಾಲು ಭಾಗ ಬರೆದು ಎರಡು ಸಲ ಮಿರರ್ ಮಾಡಿದರೆ ಸಾಕು. ಪೂರ್ತಿ ಬರೆದರೆ ಸಮಯ ಮಾತ್ರ ಹಾಳಲ್ಲ, ಎರಡು ಬದಿ ಕೂದಲೆಳೆಯಷ್ಟು ಬೇರೆಯಾಗುವ ಅಪಾಯವೂ ಇದೆ.

ಇಲ್ಲಿ ಒಂದು ಗೊಂದಲ ಬಹಳ ಜನಕ್ಕಿದೆ. ರೊಟೇಟ್ ಎಂದರೆ ತಿರುಗಿಸುವುದು, ಮಿರರ್ ಎಂದರೆ ಮಗುಚುವುದು. ಅಥಣಿ, ನಿಪ್ಪಾಣಿ ಕಡೆ ಚರ್ಮದ ಚಪ್ಪಲಿ ಮಾಡುವವರು ಬಹಳ ಇದ್ದಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದವು. ಎಡಗಾಲಿನ ಅಟ್ಟೆಯ ಅಳತೆಯ ಹಾಳೆಯನ್ನು ಮೇಜಿನ ಮೇಲೆ ಎಷ್ಟೇ ಗಿರಗಿರ ತಿರುಗಿಸಿ, ಅದು ಬಲಗಾಲಿನದಾಗುವುದಿಲ್ಲ. ಎತ್ತಿ ಮಗುಚಿ ಹಾಕಿದರೆ ಆಗುತ್ತದೆ. ಯಂತ್ರದ ಭಾಗಗಳಲ್ಲೂ ಎಡಗೈ ಭಾಗ, ಬಲಗೈ ಭಾಗ ಎಂದು ಇರುತ್ತವೆ. ಮಿರರ್ ಮಾಡಬೇಕಾದಲ್ಲಿ ರೊಟೇಟ್ ಮಾಡಿ ಡ್ರಾಯಿಂಗ್ ಕಳಿಸಿದರೆ, ಒಂದೇ ಬದಿಯ ನೂರು ಪೀಸು ತಯಾರಾಗಿ ಬರುತ್ತವೆ. ಕಂಪ್ಯೂಟರ್ ಅದನ್ನು ತಪ್ಪು ಎನ್ನುವುದಿಲ್ಲ. ಅದಕ್ಕೆ ಎರಡೂ ಸರಿಯೇ.

ದೊಡ್ಡದು ಮಾಡುವುದಕ್ಕೂ ಎರಡು ದಾರಿ

ಇದೇ ರೀತಿ ಬೆರೆಸಿಕೊಳ್ಳುವ ಇನ್ನೊಂದು ಜೋಡಿ ಸ್ಕೇಲ್ ಮತ್ತು ಆಫ್‌ಸೆಟ್. 100 ಮಿ.ಮೀ. ಉದ್ದ, 60 ಮಿ.ಮೀ. ಅಗಲದ ಒಂದು ಆಯತ ಇದೆ ಎನ್ನಿ. ಸುತ್ತಲೂ 5 ಮಿ.ಮೀ. ಅಂಚು ಬಿಟ್ಟು ಹೊರಗೊಂದು ಆಯತ ಬೇಕು. ಕೆಲವರು ‘ಉದ್ದ 110 ಆಗಬೇಕಲ್ಲ, 1.1ರಿಂದ ಸ್ಕೇಲ್ ಮಾಡೋಣ’ ಎನ್ನುತ್ತಾರೆ. ಮಾಡಿ ನೋಡಿ, ಉದ್ದ 110 ಆಗುತ್ತದೆ, ಅಗಲ ಮಾತ್ರ 66 ಆಗುತ್ತದೆ. ನಮಗೆ ಬೇಕಾದದ್ದು 70. ಆಫ್‌ಸೆಟ್‌ನಲ್ಲಿ 5 ಎಂದು ಕೊಟ್ಟು ಹೊರಗೆ ಕ್ಲಿಕ್ ಮಾಡಿದರೆ 110, 70 ಸರಿಯಾಗಿ ಬರುತ್ತದೆ. ಸ್ಕೇಲ್ ಗುಣಿಸುತ್ತದೆ, ಆಫ್‌ಸೆಟ್ ಎಲ್ಲ ಕಡೆ ಒಂದೇ ದೂರ ಕೂಡಿಸುತ್ತದೆ. ಈ ಒಂದು ವಾಕ್ಯ ನೆನಪಿದ್ದರೆ ಸಾಕು.

ಆಫ್‌ಸೆಟ್ ಸಿವಿಲ್‌ನವರಿಗೆ ಬಲಗೈ ಇದ್ದ ಹಾಗೆ. ನಮ್ಮ ಭಾಗಕ್ಕೆ ನೀರು ತರುವ ಘಟಪ್ರಭಾ ಎಡದಂಡೆ ಕಾಲುವೆಯಂಥದನ್ನು ನಕ್ಷೆಯಲ್ಲಿ ಬರೆಯಬೇಕಾದರೆ ಎರಡು ದಂಡೆಗಳನ್ನು ಬೇರೆ ಬೇರೆ ಬರೆಯುವುದಿಲ್ಲ. ನಡುಗೆರೆ ಒಂದನ್ನು ಬರೆದು ಎರಡೂ ಬದಿಗೆ ಆಫ್‌ಸೆಟ್ ಕೊಡುತ್ತಾರೆ. ಕಾಲುವೆ ಎಲ್ಲಿ ಬಾಗಿದರೂ ಅಗಲ ಒಂದೇ ಇರುತ್ತದೆ. ಮನೆಯ ಪ್ಲಾನ್ ಕೂಡ ಹೀಗೆಯೇ. ಒಳ ಅಳತೆ 10 ಅಡಿ, 12 ಅಡಿ ಇರುವ ಕೋಣೆ ಎಂದರೆ 3048 ಮತ್ತು 3658 ಮಿ.ಮೀ. ಅದಕ್ಕೆ 230 ಮಿ.ಮೀ. ಗೋಡೆ, ಅಂದರೆ ನಾವು ಒಂಬತ್ತು ಇಂಚಿನ ಗೋಡೆ ಎನ್ನುವುದನ್ನು ಹೊರಗೆ ಆಫ್‌ಸೆಟ್ ಮಾಡಿದರೆ ಹೊರ ಅಳತೆ 3508 ಮತ್ತು 4118 ತಾನಾಗಿ ಬರುತ್ತದೆ. ಬೆರಳಲ್ಲಿ ಕೂಡಿಸಿ ಕಳೆಯುವ ಕೆಲಸ ಇಲ್ಲ.

ಆಯತವನ್ನು ನಾಲ್ಕು ಬಿಡಿ ಗೆರೆಗಳಿಂದ ಬರೆದಿದ್ದರೆ ಆಫ್‌ಸೆಟ್ ಒಂದೊಂದು ಗೆರೆಯನ್ನೇ ಸರಿಸುತ್ತದೆ, ಮೂಲೆಗಳು ಬಿಟ್ಟುಕೊಳ್ಳುತ್ತವೆ. ರೆಕ್ಟ್ಯಾಂಗಲ್ ಅಥವಾ ಪಾಲಿಲೈನ್‌ನಿಂದ ಬರೆದಿದ್ದರೆ ಇಡೀ ಆಕೃತಿ ಒಟ್ಟಿಗೆ ಬರುತ್ತದೆ. ಅಂದರೆ ಮುಂದೆ ಹೇಗೆ ತಿದ್ದುತ್ತೇವೆ ಎಂಬುದನ್ನು ಯೋಚಿಸಿಯೇ ಮೊದಲ ಗೆರೆ ಎಳೆಯಬೇಕು.

ಮೂಲೆ ಚೂಪಾದರೆ ಏನಾಗುತ್ತದೆ?

ಟ್ರಿಮ್ ಮತ್ತು ಎಕ್ಸ್‌ಟೆಂಡ್ ಅಣ್ಣ ತಮ್ಮಂದಿರಂತೆ. ಒಂದು ಹೆಚ್ಚಾದದ್ದನ್ನು ಕತ್ತರಿಸುತ್ತದೆ, ಇನ್ನೊಂದು ಕಡಿಮೆ ಬಿದ್ದದ್ದನ್ನು ಮುಂದಿನ ಗೆರೆಗೆ ಮುಟ್ಟಿಸುತ್ತದೆ. ಆಟೋಕ್ಯಾಡ್‌ನಲ್ಲಿ ಟ್ರಿಮ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿದರೆ ಅದೇ ಎಕ್ಸ್‌ಟೆಂಡ್ ಆಗುತ್ತದೆ. 2021ರ ಆವೃತ್ತಿಯಿಂದ ಕತ್ತರಿಸುವ ಅಂಚನ್ನು ಮೊದಲು ಆರಿಸುವ ಅಗತ್ಯವೂ ಇಲ್ಲ, ಬೇಡದ ತುಂಡಿನ ಮೇಲೆ ಕ್ಲಿಕ್ ಮಾಡಿದರೆ ಸಾಕು. ಹಳೆಯ ಆವೃತ್ತಿ ಇರುವ ಲ್ಯಾಬ್‌ಗಳಲ್ಲಿ ಮೊದಲು ಒಮ್ಮೆ ಎಂಟರ್ ಒತ್ತಿ ಆಮೇಲೆ ಕ್ಲಿಕ್ ಮಾಡಬೇಕು.

ಫಿಲೆಟ್ ಮೂಲೆಯನ್ನು ಗುಂಡಗೆ ಮಾಡುತ್ತದೆ, ಚೇಂಫರ್ ಓರೆಯಾಗಿ ಕತ್ತರಿಸುತ್ತದೆ. ಚಂದ ಕಾಣಲಿ ಎಂದು ಇವನ್ನು ಹಾಕುತ್ತಾರೆ ಎಂದು ಅನೇಕರು ತಿಳಿದಿರುತ್ತಾರೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೆಲಸ ಮಾಡುವವರನ್ನು ಕೇಳಿದರೆ ಬೇರೆಯೇ ಕಾರಣ ಹೇಳುತ್ತಾರೆ. ಎರಕ ಹೊಯ್ದ ಲೋಹ ತಣಿಯುವಾಗ ಕುಗ್ಗುತ್ತದೆ. ಒಳಮೂಲೆ ಚೂಪಾಗಿದ್ದರೆ ಅಲ್ಲಿಯೇ ಬಿರುಕು ಬಿಡುತ್ತದೆ. ಗುಂಡಗಿದ್ದರೆ ಒತ್ತಡ ಹಂಚಿಹೋಗುತ್ತದೆ. ಶಾಫ್ಟಿನ ತುದಿಗೆ ಚೇಂಫರ್ ಕೊಡುವುದು ಅದು ಬೇರಿಂಗಿನೊಳಗೆ ಸಲೀಸಾಗಿ ಹೋಗಲಿ, ಹಿಡಿದವರ ಕೈ ಕೊಯ್ಯದಿರಲಿ ಎಂದು.

1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಹಾರುವಾಗಲೇ ಒಡೆದು ಬಿದ್ದವು. ತನಿಖೆಯಲ್ಲಿ ಗೊತ್ತಾದದ್ದು ಲೋಹದ ದಣಿವು. ವಿಮಾನದ ಮೈಯಲ್ಲಿ ಕಿಟಕಿಯಂಥ ತೆರವುಗಳ ಮೂಲೆಯ ಹತ್ತಿರ ಒತ್ತಡ ಲೆಕ್ಕಕ್ಕಿಂತ ಹೆಚ್ಚಾಗಿ, ಬಿರುಕು ಅಲ್ಲಿಂದ ಹಬ್ಬಿತ್ತು. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ಈಗ ವಿಮಾನದ ಭಾಗಗಳು ತಯಾರಾಗುತ್ತವೆ. ನಮ್ಮ ಜಿಲ್ಲೆಯ ಹುಡುಗ ಹುಡುಗಿಯರೇ ಅಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅಂಥ ಕಡೆ ಡ್ರಾಯಿಂಗ್‌ನಲ್ಲಿ 3 ಮಿ.ಮೀ. ಎಂದು ಬರೆದ ಫಿಲೆಟ್ ಮರೆತುಹೋದರೆ ಅದು ಸಣ್ಣ ವಿಷಯವಲ್ಲ.

ಫಿಲೆಟ್‌ಗೆ ಇನ್ನೆರಡು ಉಪಯೋಗಗಳಿವೆ. ತ್ರಿಜ್ಯ ಸೊನ್ನೆ ಕೊಟ್ಟು ಎರಡು ಗೆರೆ ಆರಿಸಿದರೆ, ದಾಟಿ ಹೋದ ಗೆರೆಗಳು ಕತ್ತರಿಸಿ, ಮುಟ್ಟದ ಗೆರೆಗಳು ಬೆಳೆದು ಸರಿಯಾದ ಮೂಲೆಯಾಗಿ ಕೂಡುತ್ತವೆ. ಟ್ರಿಮ್, ಎಕ್ಸ್‌ಟೆಂಡ್ ಎರಡೂ ಒಂದೇ ಏಟಿಗೆ ಮುಗಿಯುತ್ತವೆ. ಇನ್ನು ಆಟೋಕ್ಯಾಡ್‌ನಲ್ಲಿ ಎರಡು ಸಮಾನಾಂತರ ಗೆರೆಗಳಿಗೆ ಫಿಲೆಟ್ ಕೊಟ್ಟರೆ ತ್ರಿಜ್ಯ ಎಷ್ಟೇ ಇರಲಿ, ಅವುಗಳ ನಡುವೆ ಸರಿಯಾದ ಅರ್ಧವೃತ್ತ ಬರುತ್ತದೆ. ಸ್ಲಾಟ್ ಬರೆಯಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಕೂರಿಗೆಯಿಂದ ಡಂಬಳದವರೆಗೆ

ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುವುದನ್ನು ಅರೇ ಮಾಡಿಕೊಡುತ್ತದೆ. ಕೂರಿಗೆಯ ತಾಳುಗಳು ಸಾಲಿನ ಅರೇ. ಫ್ಲ್ಯಾಂಜಿನ ರಂಧ್ರಗಳು ದುಂಡನೆಯ ಅರೇ, ಅಂದರೆ ಪೋಲಾರ್ ಅರೇ. ಇಲ್ಲಿ ಎಡವುವುದು ಎಣಿಕೆಯಲ್ಲಿ. ನಾಲ್ಕು ಅಡಿಗೊಂದರಂತೆ ಹತ್ತು ಸಾಲು ಕಬ್ಬು ಹಚ್ಚಿದರೆ ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಎಷ್ಟು ದೂರ? ನಲವತ್ತು ಅಡಿ ಅಲ್ಲ, ಮೂವತ್ತಾರು. ಹತ್ತು ಸಾಲಿಗೆ ಒಂಬತ್ತೇ ಅಂತರ. ರೈತನಿಗೆ ಇದು ಕೇಳದೆಯೇ ಗೊತ್ತು. ಅರೇಯಲ್ಲೂ ಅಷ್ಟೇ. ಸಂಖ್ಯೆ ಎಂದರೆ ಮೊದಲು ಬರೆದದ್ದೂ ಸೇರಿ. ಅಂತರ ಎಂದರೆ ಕೇಂದ್ರದಿಂದ ಕೇಂದ್ರಕ್ಕೆ, ನಡುವಿನ ಖಾಲಿ ಜಾಗವಲ್ಲ.

ಅರೇ ಮತ್ತು ಟ್ರಿಮ್ ಎರಡನ್ನೂ ಒಟ್ಟಿಗೆ ಅಭ್ಯಾಸ ಮಾಡಲು ಒಂದು ಒಳ್ಳೆಯ ಮಾದರಿ ಗದಗ ಜಿಲ್ಲೆಯ ಡಂಬಳದಲ್ಲಿದೆ. ಅಲ್ಲಿಯ ದೊಡ್ಡಬಸಪ್ಪ ದೇವಸ್ಥಾನ 12ನೇ ಶತಮಾನದ್ದು, ಕಲ್ಯಾಣ ಚಾಲುಕ್ಯರ ಶೈಲಿಯದು. ಅದರ ಗರ್ಭಗುಡಿಯ ತಳದ ನಕ್ಷೆ 24 ಮೂಲೆಗಳ ನಕ್ಷತ್ರ. ನೋಡಿದರೆ ಇದನ್ನು ಹೇಗೆ ಬರೆದರಪ್ಪ ಎನಿಸುತ್ತದೆ. ಗುಟ್ಟು ಸರಳ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ ತಿರುಗಿಸುತ್ತಾ ಹೋದರೆ ಆ ನಕ್ಷತ್ರ ಬರುತ್ತದೆ. ಆರು ಚೌಕ, ತಲಾ ನಾಲ್ಕು ಮೂಲೆ, ಒಟ್ಟು 24. ಒಂದು ಚೌಕಕ್ಕೂ ಮುಂದಿನದಕ್ಕೂ 15 ಡಿಗ್ರಿ. ಹೊರಚಾಚಿದ ಪ್ರತಿ ಮೂಲೆಯೂ ಚೌಕದ ಮೂಲೆಯೇ ಆದ್ದರಿಂದ 24 ಕಡೆಯೂ ಕೋನ 90 ಡಿಗ್ರಿ. ಇಷ್ಟು ತೊಡಕಾಗಿ ಕಾಣುವ ನಕ್ಷೆಯ ಹೊರಮೂಲೆಗಳನ್ನೆಲ್ಲ ಒಂದೇ ಮೂಲೆಮಟ್ಟದಿಂದ ನೋಡಬಹುದು.

ಕಂಪ್ಯೂಟರಿನಲ್ಲಿ ಮಾಡಿ ನೋಡಿ. 100 ಮಿ.ಮೀ. ಬದಿಯ ಚೌಕ ಬರೆಯಿರಿ. ಅದರ ಕೇಂದ್ರ ಹಿಡಿದು ಪೋಲಾರ್ ಅರೇ ಕೊಡಿ. ಸಂಖ್ಯೆ 6, ನಡುವಿನ ಕೋನ 15. ಇಲ್ಲಿ ಒಂದು ಮೋಸವಿದೆ. ‘ಆರು ಚೌಕ, ಒಟ್ಟು 90 ಡಿಗ್ರಿ’ ಎಂದು ತುಂಬಿದರೆ ಕೋನ 18 ಆಗಿಬಿಡುತ್ತದೆ, ಏಕೆಂದರೆ ಆರಕ್ಕೆ ಐದೇ ಅಂತರ. ಕೊನೆಯ ಚೌಕ ಮೊದಲನೆಯದರ ಮೇಲೆಯೇ ಹೋಗಿ ಕೂರುತ್ತದೆ. ಕಬ್ಬಿನ ಸಾಲಿನ ಲೆಕ್ಕವೇ ಇಲ್ಲೂ! ಆಮೇಲೆ ಅರೇಯನ್ನು ಎಕ್ಸ್‌ಪ್ಲೋಡ್ ಮಾಡಿ ಬಿಡಿಸಿ, ಒಳಗಿನ ಗೆರೆಗಳನ್ನೆಲ್ಲ ಟ್ರಿಮ್ ಮಾಡಿ. ಉಳಿಯುವ ಹೊರ ಅಂಚಿನಲ್ಲಿ 48 ತುಂಡು ಗೆರೆಗಳಿರುತ್ತವೆ. ಪ್ರತಿಯೊಂದೂ ಸುಮಾರು 11.63 ಮಿ.ಮೀ. ಇರಬೇಕು. ಇದ್ದರೆ ನಿಮ್ಮ ಕೆಲಸ ಸರಿ.

ಇದನ್ನೇ ಗೆರೆ ಗೆರೆಯಾಗಿ ಬರೆಯಲು ಹೋದರೆ 48 ಗೆರೆ, 48 ಕೋನಗಳ ಲೆಕ್ಕ ಬೇಕು. ಚೌಕವನ್ನು ಕಂಡವನಿಗೆ ಒಂದು ಚೌಕ, ಒಂದು ಅರೇ, ಒಂದಿಷ್ಟು ಟ್ರಿಮ್. ತಿದ್ದುವ ಸಾಧನಗಳನ್ನು ಕಲಿಯುವುದೆಂದರೆ ಹೀಗೆ ನೋಡಲು ಕಲಿಯುವುದು.

ಬದಲಾವಣೆ ಬಂದಾಗ ಸ್ಟ್ರೆಚ್

ಕಂಪನಿಯಲ್ಲಿ ಡ್ರಾಯಿಂಗ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಗಿರಾಕಿ ಬಾಗಿಲು ಅಗಲ ಮಾಡಿ ಎನ್ನುತ್ತಾನೆ, ಮಷಿನ್ ಶಾಪ್‌ನವರು ರಂಧ್ರ ಸರಿಸಿ ಎನ್ನುತ್ತಾರೆ. ಆಗ ನೆರವಿಗೆ ಬರುವುದು ಸ್ಟ್ರೆಚ್. ಇದು ಅನೇಕರಿಗೆ ಕೈ ಕೊಡುವುದು ಆರಿಸುವ ರೀತಿ ಗೊತ್ತಿಲ್ಲದೆ. ಮೌಸನ್ನು ಎಡದಿಂದ ಬಲಕ್ಕೆ ಎಳೆದರೆ ನೀಲಿ ಚೌಕಟ್ಟು ಬರುತ್ತದೆ, ಪೂರ್ತಿ ಒಳಗೆ ಬಂದದ್ದು ಮಾತ್ರ ಆಯ್ಕೆಯಾಗುತ್ತದೆ. ಬಲದಿಂದ ಎಡಕ್ಕೆ ಎಳೆದರೆ ಹಸಿರು ಚೌಕಟ್ಟು, ತಾಗಿದ್ದೆಲ್ಲ ಆಯ್ಕೆಯಾಗುತ್ತದೆ. ಸ್ಟ್ರೆಚ್‌ಗೆ ಬೇಕಾದದ್ದು ಹಸಿರು. ಚೌಕಟ್ಟಿನ ಒಳಗೆ ಬಂದ ತುದಿಗಳು ಸರಿಯುತ್ತವೆ, ಹೊರಗಿನ ತುದಿಗಳು ಕದಲುವುದಿಲ್ಲ, ನಡುವಿನ ಗೆರೆ ಹಿಗ್ಗುತ್ತದೆ. ಬಲಬದಿಯ ರಂಧ್ರಗಳು ಚೌಕಟ್ಟಿನೊಳಗೆ ಇದ್ದರೆ ಅವೂ ಜೊತೆಗೆ ಸರಿಯುತ್ತವೆ, ಆಕಾರ ಕೆಡುವುದಿಲ್ಲ.

ಸೀನಿಯರ್‌ಗಳ ಆ ಪರೀಕ್ಷೆಯಲ್ಲಿ ಕೇಳಿದ ‘20 ಮಿ.ಮೀ. ಉದ್ದ’ಕ್ಕೆ ಉತ್ತರ ಇದು. ‘ಆರರ ಬದಲು ಎಂಟು’ ಎಂಬುದಕ್ಕೆ ಉತ್ತರ ಅರೇ. ಆಟೋಕ್ಯಾಡ್ 2012ರಿಂದ ಅರೇಯನ್ನು ಬಿಡಿಸದೆ ಇಟ್ಟರೆ ಸಂಖ್ಯೆ ಮಾತ್ರ ಬದಲಾಯಿಸಬಹುದು, ರಂಧ್ರಗಳು ತಾವೇ ಮರುಹೊಂದಿಕೊಳ್ಳುತ್ತವೆ. ಡಂಬಳದ ನಕ್ಷೆಯಲ್ಲಿ ಟ್ರಿಮ್ ಬೇಕಿದ್ದರಿಂದ ಬಿಡಿಸಿದೆವು. ಫ್ಲ್ಯಾಂಜಿನಲ್ಲಿ ಮುಂದೆ ಬದಲಾವಣೆ ಬರಬಹುದಾದ್ದರಿಂದ ಬಿಡಿಸಬಾರದು.

ನೀವೇ ತಾಳೆ ನೋಡಿ

ಈಗ ಒಂದು ಪೂರ್ತಿ ಲೆಕ್ಕ. 200 ಮಿ.ಮೀ. ಉದ್ದ, 120 ಮಿ.ಮೀ. ಅಗಲದ ಪ್ಲೇಟ್. ನಾಲ್ಕೂ ಮೂಲೆ 15 ಮಿ.ಮೀ. ತ್ರಿಜ್ಯದಲ್ಲಿ ಗುಂಡಗೆ. ಅಂಚಿನಿಂದ 20 ಮಿ.ಮೀ. ಒಳಗೆ, ಮೂಲೆಗೊಂದರಂತೆ 12 ಮಿ.ಮೀ. ವ್ಯಾಸದ ನಾಲ್ಕು ರಂಧ್ರ. ಸರಿಯಾಗಿ ನಡುವೆ 20 ಮಿ.ಮೀ. ಅಗಲ, ಒಟ್ಟು 80 ಮಿ.ಮೀ. ಉದ್ದದ ಸ್ಲಾಟ್, ತುದಿಗಳು ಅರ್ಧವೃತ್ತ.

ಮೊದಲು ಆಯತ, ಅದಕ್ಕೆ 15ರ ಫಿಲೆಟ್. ಎಡ ಕೆಳಮೂಲೆಯಲ್ಲಿ ಒಂದೇ ರಂಧ್ರ ಬರೆದು ಎರಡು ಕಂಬ, ಎರಡು ಸಾಲಿನ ಅರೇ. ಅಂತರ ಅಡ್ಡಕ್ಕೆ 160, ಉದ್ದಕ್ಕೆ 80. ಸ್ಲಾಟ್‌ಗೆ ನಡುವಿನಲ್ಲಿ 60 ಮಿ.ಮೀ. ಅಡ್ಡಗೆರೆ ಎಳೆದು, ಮೇಲಕ್ಕೆ 10, ಕೆಳಕ್ಕೆ 10 ಆಫ್‌ಸೆಟ್ ಮಾಡಿ, ಎರಡೂ ತುದಿಗೆ ಫಿಲೆಟ್. ನಡುಗೆರೆ ಅಳಿಸಿ. ಮುಗಿಯಿತು. ಅಳತೆಗಳನ್ನು ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಸರಿಯಾಗಿದೆಯೇ ಎಂದು ಯಾರನ್ನೂ ಕೇಳಬೇಕಿಲ್ಲ. ರಂಧ್ರ, ಸ್ಲಾಟ್ ಕಳೆದು ಉಳಿದ ಕ್ಷೇತ್ರಫಲವನ್ನು ಏರಿಯಾ ಕಮಾಂಡ್‌ನಿಂದ ನೋಡಿ. ಸುಮಾರು 21,840 ಚದರ ಮಿ.ಮೀ. ಬರಬೇಕು. 10 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟ್ ಆದರೆ ತೂಕ ಸುಮಾರು 1.71 ಕೆ.ಜಿ. ಉತ್ತರ ಬೇರೆ ಬಂದರೆ ಎಲ್ಲೋ ಒಂದು ಮೂಲೆಯೋ ರಂಧ್ರವೋ ತಪ್ಪಿದೆ. ಕಣ್ಣಿಗೆ ಸರಿ ಕಂಡದ್ದು ಲೆಕ್ಕದಲ್ಲೂ ಸರಿ ಇರಬೇಕು. ಈ ಅಭ್ಯಾಸವೊಂದು ಬಂದರೆ ಸಂದರ್ಶನದಲ್ಲಿ ಧೈರ್ಯ ತಾನಾಗಿ ಬರುತ್ತದೆ.

ಲ್ಯಾಪ್‌ಟಾಪ್ ಇಲ್ಲದವರು ಏನು ಮಾಡಬೇಕು?

ಹಳ್ಳಿಯಿಂದ ಬಂದ ನಮ್ಮಂಥವರ ನಿಜವಾದ ತೊಂದರೆ ಇದು. ಕಾಲೇಜಿನ ಲ್ಯಾಬ್ ಸಿಗುವುದು ವಾರಕ್ಕೆ ಕೆಲವೇ ತಾಸು. ತರಬೇತಿ ಕೇಂದ್ರಗಳ ಫೀ ಎಲ್ಲರ ಕೈಗೆಟುಕುವುದಿಲ್ಲ. ಕಟ್ಟಿದವರಿಗೂ ಕೆಲವು ಕಡೆ ಕಮಾಂಡ್‌ಗಳ ಪಟ್ಟಿ ಓದಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ.

ಹಣದ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು, ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಲಿಬ್ರೆಕ್ಯಾಡ್ ಪೂರ್ತಿ ಉಚಿತ, ಎರಡು ಆಯಾಮದ ಡ್ರಾಯಿಂಗ್‌ಗೆ ಸಾಕು, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಮೂರು ಆಯಾಮಕ್ಕೆ ಫ್ರೀಕ್ಯಾಡ್ ಇದೆ. ವಿದ್ಯಾರ್ಥಿ ಎಂದು ದೃಢಪಡಿಸಿದರೆ ಆಟೋಕ್ಯಾಡ್ ಕೂಡ ಒಂದು ವರ್ಷದ ಮಟ್ಟಿಗೆ ಉಚಿತವಾಗಿ ಸಿಗುತ್ತದೆ. ಸಾಲಿಡ್ ಎಡ್ಜ್‌ಗೂ ವಿದ್ಯಾರ್ಥಿ ಆವೃತ್ತಿ ಇದೆ. ಕಳ್ಳ ಆವೃತ್ತಿ ಹಾಕಿಕೊಂಡು ವೈರಸ್ ಬರಿಸಿಕೊಳ್ಳುವ ಅಗತ್ಯವಿಲ್ಲ. ಒಂದರಲ್ಲಿ ಆಫ್‌ಸೆಟ್, ಮಿರರ್, ಟ್ರಿಮ್ ತಿಳಿದರೆ ಇನ್ನೊಂದರಲ್ಲಿ ಬಟನ್ ಹುಡುಕುವುದಷ್ಟೇ ಬಾಕಿ.

ಎರಡನೆಯದು, ಕಂಪ್ಯೂಟರ್ ಇಲ್ಲದೆಯೂ ಅರ್ಧ ಅಭ್ಯಾಸ ಮಾಡಬಹುದು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕಣ್ಣಿಗೆ ಬಿದ್ದ ಯಾವುದೇ ವಸ್ತುವಿನ ಬಗ್ಗೆ ಮೂರು ಪ್ರಶ್ನೆ ಕೇಳಿಕೊಂಡು ಬರೆಯಿರಿ. ಇದರಲ್ಲಿ ಸಮ ಭಾಗ ಎಲ್ಲಿದೆ? ಮತ್ತೆ ಮತ್ತೆ ಬರುವುದು ಯಾವುದು? ನಾಳೆ ಬದಲಾಗಬಹುದಾದದ್ದು ಯಾವುದು? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಮಿರರ್, ಎರಡನೆಯದಕ್ಕೆ ಅರೇ, ಮೂರನೆಯದು ಹೇಗೆ ಬರೆಯಬೇಕು ಎಂದು ಹೇಳುತ್ತದೆ. ಪಂಪ್‌ಸೆಟ್ಟಿನ ಫ್ಲ್ಯಾಂಜ್, ಮನೆಯ ಕಿಟಕಿಯ ಗ್ರಿಲ್, ಬಸ್ಸಿನ ಚಕ್ರ, ಅಂಗಳದ ರಂಗೋಲಿ, ಏನಾದರೂ ಆದೀತು. ದಿನಕ್ಕೆ ಒಂದು ವಸ್ತುವಿನ ಹೆಜ್ಜೆಗಳನ್ನು ಬರೆದಿಟ್ಟರೆ, ಲ್ಯಾಬ್ ಸಿಕ್ಕ ದಿನ ಯೋಚಿಸುತ್ತಾ ಕೂರುವ ಕೆಲಸ ಇರುವುದಿಲ್ಲ. ಕೂತ ಕೂಡಲೇ ಕೈ ಓಡುತ್ತದೆ.

ಮೂರನೆಯದು, ಗೆಳೆಯರಿಬ್ಬರು ಸೇರಿ ಅಭ್ಯಾಸ ಮಾಡಿ. ಒಬ್ಬರು ಬರೆದು ಮುಗಿಸಿದ ಮೇಲೆ ಇನ್ನೊಬ್ಬರು ಬದಲಾವಣೆ ಕೇಳಬೇಕು. ‘ಅಗಲ 15 ಹೆಚ್ಚು ಮಾಡು, ಮೂಲೆ 20 ಮಾಡು, ರಂಧ್ರ ಎರಡು ಹೆಚ್ಚಿಸು.’ ಗಡಿಯಾರ ನೋಡಿ. ಅಳಿಸಿ ಮತ್ತೆ ಬರೆಯದೆ, ತಿದ್ದಿಯೇ ಮುಗಿಸಬೇಕು ಎಂಬುದು ನಿಯಮ. ಮೊದಲ ವಾರ ಬೇಸರವಾಗುತ್ತದೆ. ಆಮೇಲೆ ಮೊದಲ ಗೆರೆ ಎಳೆಯುವಾಗಲೇ, ಮುಂದೆ ಏನು ಬದಲಾದೀತು ಎಂದು ತಲೆ ತಾನಾಗಿ ಯೋಚಿಸಲು ಶುರು ಮಾಡುತ್ತದೆ.

ಶಾರ್ಟ್‌ಕಟ್ ಅಕ್ಷರಗಳು, ಹೊಸ ಆವೃತ್ತಿಯ ಬಟನ್‌ಗಳು ಎರಡು ವರ್ಷಕ್ಕೊಮ್ಮೆ ಬದಲಾದಾವು. ಒಂದು ಮಗ್ಗಲು ಚೊಲೋ ಮಾಡಿ ಇನ್ನೊಂದನ್ನು ಮಗುಚಿ ಪಡೆಯುವ ಬುದ್ಧಿ, ಒಂದು ಚೌಕದಲ್ಲಿ 24 ಮೂಲೆಯ ನಕ್ಷತ್ರ ಕಾಣುವ ಕಣ್ಣು ಹಳತಾಗುವುದಿಲ್ಲ. ಇವತ್ತು ಸಂಜೆ 200ಕ್ಕೆ 120ರ ಆ ಪ್ಲೇಟ್ ಬರೆದು ನೋಡಿ. 21,840 ಬಂದರೆ, ಮುಂದಿನ ಸಲ ‘ಕ್ಯಾಡ್ ಬರುತ್ತಾ?’ ಎಂದು ಕೇಳಿದಾಗ ಸರ್ಟಿಫಿಕೇಟ್ ಹುಡುಕಬೇಡಿ. ‘ಕಂಪ್ಯೂಟರ್ ಎಲ್ಲಿದೆ ಸರ್?’ ಎಂದು ಕೇಳಿ.